ಬಾಗೂರಿನ ಹುರುಳಿ ಸಾರು

ಅತ್ತೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬುದು ಸರ್ವಮಂಗಳಳಿಗೆ ಖಚಿತವಾಗಿತ್ತು. ಅದು ಉಪ್ಪಿನ ಹದವೋ, ನೀರಿನ ಅಳತೆಯೋ, ಒಲೆಯ ಮರ್ಮವೋ ತಿಳಿಯದು. ತಿಳಿದುಕೊಳ್ಳಲು ಅಮಾವಾಸ್ಯೆಯವರೆಗೆ ಮಾತ್ರ ಅವಕಾಶವಿತ್ತು.

ಅವಳು ಚಿತ್ರದುರ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಮದುವೆಯಾದದ್ದು ಆ ವರ್ಷದ ವೈಶಾಖದಲ್ಲಿ. ಬೆಳಿಗ್ಗೆ ಹೋದರೆ ಮನೆ ಸೇರುವುದು ಸಂಜೆ. ಎಪ್ಪತ್ನಾಲ್ಕನೇ ಇಸವಿ, ಸೀಮೆಎಣ್ಣೆ ಸಿಗುವುದೇ ಕಷ್ಟ. ಅದಕ್ಕೆಂದು ಮಾವ ಅಜ್ಜಪ್ಪನವರು ಸಂತೆಯಲ್ಲಿ ತಾವೇ ತಟ್ಟಿ ನೋಡಿ ಒಂದು ಹೊಟ್ಟಿನ ಒಲೆ ಕೊಡಿಸಿದ್ದರು. ತಗಡಿನ ಡಬ್ಬದ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಮರದ ಹೊಟ್ಟು ತುಂಬಿ ಕುಟ್ಟಿ, ಬಾಟಲಿ ಎಳೆದು, ಕೆಳಗಿನ ಕಂಡಿಯಲ್ಲಿ ಕಿಡಿ ಇಟ್ಟರೆ ಸಂಜೆಯವರೆಗೆ ಒಳಗೊಳಗೇ ಉರಿಯುತ್ತದೆ. ಮೇಲೆ ಹುರುಳಿಕಾಳಿನ ಗಡಿಗೆ ಇಟ್ಟು ಕೆಲಸಕ್ಕೆ ಹೋಗಬಹುದು.

"ಉರಿ ಹೊರಗೆ ಚಾಚಲ್ಲವ್ವ. ಅದೇ ಇದರ ಗುಣ" ಎಂದಿದ್ದರು ಮಾವ. ಉಳಿತಾಯದ ಮಾತು ಎಂದು ಅವಳು ತಲೆಯಾಡಿಸಿದ್ದಳು.

ಒಲೆ ಅವಳ ಮಾತು ಕೇಳಲಿಲ್ಲ. ಒಂದು ದಿನ ಮಧ್ಯಾಹ್ನಕ್ಕೇ ಆರಿ ಕಾಳು ಕಲ್ಲಾಗಿತ್ತು. ಇನ್ನೊಂದು ದಿನ ತಳ ಹತ್ತಿ ವಾಸನೆ ಬೀದಿಗೆ ಮುಟ್ಟಿತ್ತು. "ಏನವ್ವ, ಇವತ್ತು ಹುರುಳಿ ಸಾರೋ, ಇದ್ದಿಲ ಸಾರೋ?" ಎಂದು ಪಕ್ಕದ ಮನೆಯ ಕೆಂಚಕ್ಕ ಗೋಡೆಯಾಚೆಯಿಂದಲೇ ವಿಚಾರಿಸಿದ್ದಳು.

ಗಂಡ ಗಂಗಾಧರ ಜಗಳವಾಡುವವನಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ನಮ್ಮವ್ವ ಹೊಲ, ಮನೆ, ದನ ಎಲ್ಲಾ ನೋಡ್ಕಂಡು ದಿನಾ ಇದೇ ಸಾರು ಮಾಡ್ತಿದ್ಲು. ಒಂದಿನ ಕೆಟ್ಟಿಲ್ಲ. ನಾಳೆ ಬರ್ತಾರೆ, ಅಮಾಸೆ ತನಕ ಇರ್ತಾರೆ. ಕಲ್ತ್ಕ. ಬರಲಿಲ್ಲ ಅಂದ್ರೆ ಕೆಲ್ಸ ಬಿಟ್ಬಿಡು" ಎಂದ.

"ನಿಮ್ಮ ಮನೇಲಿ ಹೆಂಗೆ ಮಾಡ್ತಾರೋ ಹಂಗೇ ಆದ್ರೆ?"

"ಹಂಗೇ ಆದ್ರೆ ನಾನು ಬಾಯಿ ತೆಗೆಯಲ್ಲ."

ಅತ್ತೆ ಮರುಳಸಿದ್ದಮ್ಮ, ಮಾವ ಇಬ್ಬರೂ ಬಾಗೂರಿನಿಂದ ಬಂದಿಳಿದರು. ಮರುದಿನ ಸಂಜೆಯೇ ಸಾರು ಸರಿಹೋಯಿತು. ಗಂಗಾಧರ ಮತ್ತೆ ಮತ್ತೆ ಬಡಿಸಿಕೊಂಡ.

"ಹೊಟ್ಟು ಎಷ್ಟು ಒತ್ತಬೇಕು ಅತ್ತೆ?"

"ಎಷ್ಟು ಬೇಕೋ ಅಷ್ಟು."

"ನೀರು?"

"ಗಡಿಗೆ ನೋಡಿದ್ರೆ ತಿಳೀತೈತೆ."

ಅವರು ಬಾಯಿಬಿಟ್ಟು ಹೇಳಿಕೊಟ್ಟ ಪಾಠ ಒಂದೇ: "ಮೊದ್ಲು ಸೆರಗು ಸಿಗಿಸ್ಕ." ಅಡುಗೆಮನೆಯ ಹೊಸ್ತಿಲಾಚೆ ನಿಂತು ದಿನವೂ ಅದನ್ನೇ ಹೇಳುತ್ತಿದ್ದರು. ಸೊಸೆಗೆ ಗಾಂಭೀರ್ಯ ಕಲಿಸುತ್ತಿದ್ದಾರೆ ಎಂದುಕೊಂಡು ಸರ್ವಮಂಗಳ ಸೆರಗನ್ನು ಸೊಂಟಕ್ಕೆ ಸಿಗಿಸುತ್ತಿದ್ದಳು.

ನೋಡಿ ಕಲಿಯೋಣವೆಂದರೆ ಅದಕ್ಕೂ ದಾರಿಯಿಲ್ಲ. ಮನೆಯಲ್ಲಿದ್ದದ್ದು ಒಂದು ಕೋಣೆ, ಒಂದು ಅಡುಗೆಮನೆ. ಮಾವನ ಲಿಂಗಪೂಜೆ ನಸುಕಿನಲ್ಲಿ ಅಡುಗೆಮನೆಯಲ್ಲೇ. ಮುಗಿಯುವವರೆಗೆ ಬಾಗಿಲು ಹಾಕಿರಬೇಕು. ಹೂವು, ಪತ್ರೆ ಎತ್ತಿಕೊಡಲು ಅತ್ತೆಯೊಬ್ಬರೇ ಒಳಗೆ. ಬಾಗೂರಿನಲ್ಲೂ ಹಾಗೆಯೇ ನಡೆದುಬಂದದ್ದು ಎಂದು ಗಂಗಾಧರ ಹೆಮ್ಮೆಯಿಂದ ಹೇಳುತ್ತಿದ್ದ. ಒಳಗಿನಿಂದ ಗಂಟೆಯ ಸದ್ದು ಬರುತ್ತಿತ್ತು, ಸಂದಿಯಿಂದ ಹೊಗೆ. ಬಾಗಿಲು ತೆರೆಯುವಷ್ಟರಲ್ಲಿ ಒಲೆ ಹೊತ್ತಿ, ಗಡಿಗೆ ಕೂತಿರುತ್ತಿತ್ತು. ಮಾವ ಮೊಣಕೈವರೆಗೆ ಬೂದಿಯಾಗಿ ಹೊರಬರುತ್ತಿದ್ದರು. ಅಷ್ಟು ವಿಭೂತಿ ಧರಿಸುವವರನ್ನು ಸರ್ವಮಂಗಳ ಬೇರೆಲ್ಲೂ ಕಂಡಿರಲಿಲ್ಲ. ಕೈಮುಗಿಯುತ್ತಿದ್ದಳು.

ನಡುವೆ ಒಂದು ದಿನ ಮಾವ ಮಠಕ್ಕೆ ಹೋದರು. ಇವತ್ತು ಅತ್ತೆಯನ್ನು ಒಲೆಯ ಮುಂದೆಯೇ ಹಿಡಿಯಬೇಕೆಂದು ಅವಳು ಬೇಗ ಎದ್ದಳು. ಅತ್ತೆ ಜಗುಲಿಯಲ್ಲಿ ಕೂತು ಮಂಡಕ್ಕಿ ಕಲಸುತ್ತಿದ್ದರು.

"ಯಜಮಾನ್ರು ಇಲ್ದಾಗ ನಾನು ಒಲೆ ಮುಟ್ಟಲ್ಲ."

"ಗಂಡನ ಮೇಲೆ ಎಂಥಾ ಭಕ್ತಿ ನೋಡವ್ವ!" ಎಂದಳು ಕೆಂಚಕ್ಕ. ಸರ್ವಮಂಗಳ ಮಂಡಕ್ಕಿ ಕಟ್ಟಿಕೊಂಡು ಕೆಲಸಕ್ಕೆ ಹೋದಳು. ಸೊಸೆ ಕಲಿಯಬಾರದು, ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕು, ಅದೇ ಅತ್ತೆಯ ಹಂಚಿಕೆ ಎಂದು ದಾರಿಯುದ್ದಕ್ಕೂ ಅಂದುಕೊಂಡಳು.

ಅಮಾವಾಸ್ಯೆ ಬಂತು. ನಸುಕಿನಲ್ಲಿ ಅಡುಗೆಮನೆಯ ಬಾಗಿಲು ಮುಚ್ಚಿ ಗಂಟೆ ಶುರುವಾಯಿತು. ಗಂಗಾಧರ ಮಲಗಿದ್ದ. ಸರ್ವಮಂಗಳ ಹಿತ್ತಲಿಗೆ ಹೋದಳು. ಅಡುಗೆಮನೆಯ ಕಿಟಕಿಯ ಒಂದು ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಪೂಜೆಯನ್ನು ಕದ್ದು ನೋಡುವುದು ಪಾಪ. ಶಿವನಲ್ಲಿ ಕ್ಷಮೆ ಕೇಳಿ ಕಣ್ಣಿಟ್ಟಳು.

ಮಣೆಯ ಮೇಲೆ ಕೂತು ಗಂಟೆ ಅಲ್ಲಾಡಿಸುತ್ತಿದ್ದವರು ಅತ್ತೆ. ಒಲೆಗೆ ಬೆನ್ನು ಮಾಡಿ, ಗೋಡೆ ನೋಡುತ್ತಿದ್ದರು. ಪಂಚೆ ಎತ್ತಿ ಕಟ್ಟಿದ ಮಾವ ನಿನ್ನೆಯ ಬೂದಿಯನ್ನು ಕೈಯಲ್ಲೇ ಬಾಚಿ ತೆಗೆದು, ಹೊಸ ಹೊಟ್ಟಿಗೆ ನೀರು ಚಿಮುಕಿಸಿ ಕುಟ್ಟಿ, ಬಾಟಲಿಯನ್ನು ಮೆಲ್ಲಗೆ ತಿರುವುತ್ತ ಮೇಲಕ್ಕೆಳೆದರು.

ಕಿಟಕಿ ಕಿರುಗುಟ್ಟಿತು. ಗಂಟೆ ನಿಂತಿತು.

ಮಾವ ತಿರುಗಿ ನೋಡಿದರು. ಗಾಬರಿಯಾಗಲಿಲ್ಲ.

"ಲಿಂಗಪೂಜೆ ಆಗ್ಲೇ ಮುಗೀತವ್ವ. ಮಿಕ್ಕಿದ್ದು ಇದು." ಕಂಡಿಯಲ್ಲಿ ಕಿಡಿ ಇಟ್ಟು ಊದಿದರು. "ಗಂಗಾಧರ ತೊಟ್ಲಲ್ಲಿದ್ದ. ಅವನಕ್ಕ ಚಂದ್ರಿ ಅವ್ವನ ಸೀರೆ ಉಟ್ಕಂಡು ಒಲೆ ಮುಂದೆ ಕುಂತಿದ್ಲು. ಸೆರಗು ಜಾರ್ತು. ಅವತ್ತಿಂದ ಇವಳು ಬೆಂಕಿ ಕಡೆ ತಿರುಗಿಲ್ಲ. ಊರೋರ ಬಾಯಿಗೆ ಇವಳನ್ನ ಯಾಕೆ ಹಾಕ್ಬೇಕು ಅಂತ ಬಾಗ್ಲು ಹಾಕ್ಕಂಡೆ. ಅವನಿಗೂ ಗೊತ್ತಿಲ್ಲ."

ಅತ್ತೆ ಗೋಡೆಯ ಕಡೆಗೇ ನೋಡುತ್ತ ಕೇಳಿದರು: "ಸೆರಗು ಸಿಗಿಸ್ಕಂಡಿದ್ದೀಯೇನೆ?"

ಸರ್ವಮಂಗಳ ಹಿತ್ತಲಲ್ಲೇ ನಿಂತು ಸೆರಗು ಸಿಗಿಸಿಕೊಂಡಳು.

ಮಾವ ಗಡಿಗೆಯನ್ನು ಒಲೆಯ ಮೇಲೆ ಕೂರಿಸಿ, ಮುಚ್ಚಳ ಹಾಕಿ, ಕೈ ಕೊಡವಿದರು.

"ಹೋಗು, ಗಂಗಾಧರನ್ನ ಎಬ್ಬಿಸು. ನಾಳೆಯಿಂದ ಈ ಮನೆ ಪೂಜೆ ಅವನದು. ನೀನು ಗಂಟೆ ಬಾರಿಸಿ ಕೆಲ್ಸಕ್ಕೆ ಹೋಗು."