ಗನ್‌ಮ್ಯಾನ್ ಕೈ

ಎಪ್ಪತ್ತೆರಡು ವರ್ಷದ ನಿವೃತ್ತ ನ್ಯಾಯಾಧೀಶೆಗೆ ಜೀವಬೆದರಿಕೆಯ ಪತ್ರ ಬಂದಂದಿನಿಂದ ಅವನೇ ಅವರನ್ನು ಕಾಯುವ ಗನ್‌ಮ್ಯಾನ್. ಆ ಮಧ್ಯಾಹ್ನ ಪೊಲೀಸ್ ಶಸ್ತ್ರಾಗಾರಕ್ಕೆ ಬಂದವನು ಸೊಂಟದ ಪಿಸ್ತೂಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಗೋಡೆ ನೋಡುತ್ತ ಹೇಳಿದ.

“ಇದನ್ನ ಬದಲಿ ಮಾಡಿಕೊಡ್ರಿ ಸಾಹೇಬ್ರ. ಸ್ಲೈಡ್ ಬಿಗಿ ಆಗೇತಿ, ಹಿಂದಕ್ಕ ಬರವಲ್ತು. ಗುಂಡು ಏರಸಾಕ ಆಗವಲ್ತು.”

ಕಿಟಕಿಯಾಚೆಯ ಹಳೇ ಹವಾಲ್ದಾರ ಎರಡೇ ಬೆರಳಲ್ಲಿ ಸ್ಲೈಡ್ ಎಳೆದು ಬಿಟ್ಟ. “ಬೆಣ್ಣಿ ಹಂಗ ಬರ್ತೈತಲ್ಲೋ! ನೀ ಎಳಿ ನೋಡೂಣು.”

ಅವನು ಹಲ್ಲು ಕಚ್ಚಿ ಎಳೆದ. ಬೆರಳು ಜಾರಿತೇ ಹೊರತು ಸ್ಲೈಡ್ ಅಲುಗಲಿಲ್ಲ.

“ಕೈಗೇನಾತು?”

“ನರ ಸೋತಾವಂತ್ರಿ. ಎರಡು ತಿಂಗಳಾತು. ರಿವಾಲ್ವರ್ ಆದ್ರ ಈ ಎಳಿಯೂ ಕೆಲಸ ಇರಂಗಿಲ್ಲಲ್ರಿ…”

ಹವಾಲ್ದಾರ ಒಂದು ಖಾಲಿ ರಿವಾಲ್ವರ್ ತೆಗೆದುಕೊಟ್ಟ. ಅವನು ಒತ್ತಿದ ಟ್ರಿಗರ್ ಅರ್ಧಕ್ಕೆ ಬಂದು ನಿಂತಿತು. ಹಿಂದೆ ನಿಂತಿದ್ದ ಇಬ್ಬರು ಪೇದೆಗಳು ನಗು ನುಂಗಿಕೊಂಡರು. ಅವನ ಕಿವಿ ಕೆಂಪಾದವು.

ಹವಾಲ್ದಾರ ದನಿ ತಗ್ಗಿಸಿದ. “ಮತ್ತ ಎರಡು ತಿಂಗಳಿಂದ ದಿನಾ ಮುಂಜಾನೆ ಹೆಂಗ ಗುಂಡು ಏರಸ್ತಿದ್ದಿ? ಹೆಂಡ್ತಿ ಎಳದು ಕೊಡ್ತಾಳೇನು?”

“ಇಲ್ರಿ. ಆಕಿಗೆ ನನ್ನ ಕೈ ಹಿಂಗಾಗಿದ್ದು ಗೊತ್ತಿಲ್ರಿ.”

“ಹಂಗಾರ ಯಾರೋ?”

ಅವನು ರಿವಾಲ್ವರನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟ.

“ಜಡ್ಜ್ ಅಮ್ಮಾರ ಎಳದು ಕೊಡ್ತಾರ್ರಿ.”