ಮಾಮಿಕಟ್ಟೆ

ಮಾಮಿಕಟ್ಟೆಯ ಹೊಸ ಬಸ್ ತಂಗುದಾಣಕ್ಕೆ ‘ಮಹಾಮಾಯಿನಗರ’ ಎಂದು ಬೋರ್ಡು ಬರೆಸುತ್ತಾರಂತೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಶಹರ್ಬಾನು ಕಾವಲಿಯ ಮೇಲಿದ್ದ ರೊಟ್ಟಿಯನ್ನು ಸೊಸೆಗೆ ಒಪ್ಪಿಸಿ, ತಲೆಗೆ ಶಾಲು ಹೊದ್ದು, ನಾರಾಯಣಮೂರ್ತಿ ಮಾಷ್ಟ್ರ ಮನೆಗೆ ಹೊರಟೇಬಿಟ್ಟಳು. ಆ ಹೊಸ ಹೆಸರನ್ನು ಹುಡುಕಿ ಕೊಟ್ಟವರು ಅವರೇ. ದಮ್ಮಾಮಿನಿಂದ ರಜೆಯಲ್ಲಿ ಬಂದಿದ್ದ ಮಗ ನಿಝಾರ್ ಮೊಬೈಲನ್ನು ಕಿವಿಯಿಂದ ತೆಗೆಯದೆಯೇ ಬಾಗಿಲಿಗೆ ಅಡ್ಡ ಬಂದು, ಮನೆಯ ಜಗಳವನ್ನೆಲ್ಲ ಊರಿಗೆ ಹಂಚಬೇಡಿ ಉಮ್ಮ, ಮರ್ಯಾದೆ ಹೋಗ್ತದೆ ಎಂದ. ಮರ್ಯಾದೆಯನ್ನು ಕಾಯುತ್ತಾ ನೀನೇ ಮನೆಯಲ್ಲಿ ಕೂತಿರು ಎಂದು ಹೇಳಿ ಆಕೆ ಅಂಗಳ ಇಳಿದಳು.

ಅವಳ ಸಂಕಟ ಮಗನಿಗೇನು ಗೊತ್ತು! ಕಲ್ಲಡ್ಕದಿಂದ ವಿಟ್ಲಕ್ಕೆ ಹೋಗುವ ರಸ್ತೆಯ ಆ ನಿಲ್ದಾಣದ ಹೆಸರಿನಲ್ಲಿರುವ ಮಾಮಿ ಬೇರೆ ಯಾರೂ ಅಲ್ಲ, ಅವಳ ಗಂಡನ ತಾಯಿ ಐಸಮ್ಮ. ತುಳುವಿನಲ್ಲೂ ಬ್ಯಾರಿಯಲ್ಲೂ ಅತ್ತೆಗೆ ಮಾಮಿ ಎಂದೇ ಹೇಳುವುದು. ಹಾಗಾಗಿ ಅದು ಯಾರ ಮನೆಯ ಅತ್ತೆ ಎಂದು ಕೇಳುವ ಉಸಾಬರಿಗೆ ಯಾರೂ ಹೋಗಿರಲಿಲ್ಲ. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಒಂದು ಫೋಟೋ ಕೂಡ ಇಲ್ಲ. ಪಳ್ಳಿಯ ಹಿಂದಿನ ಖಬರಸ್ಥಾನದಲ್ಲಿ ಮಣ್ಣು ಮಾಡಿದ ಜಾಗದ ಮೇಲೆ ಹುಲ್ಲು ಬೆಳೆದಿದೆ. ಬಸ್ಸಿನ ಬಾಗಿಲಲ್ಲಿ ನೇತಾಡುತ್ತಾ ಕಂಡಕ್ಟರು ಕೂಗುವ ಆ ಹೆಸರೊಂದೇ ಉಳಿದದ್ದು. ಅದೂ ಹೋದರೆ ಅತ್ತೆ ಎಂಬವರೊಬ್ಬರು ಇದ್ದರು ಎನ್ನುವುದಕ್ಕೆ ಏನು ಉಳಿಯಿತು?

ಮಾಷ್ಟ್ರು ಜಗಲಿಯಲ್ಲೇ ಇದ್ದರು. ನಿವೃತ್ತಿಯಾದ ಮರುದಿನ ಊರಿನ ಚರಿತ್ರೆ ಬರೆಯಲು ಕೂತವರು ಇನ್ನೂ ಎದ್ದಿರಲಿಲ್ಲ. ಅವರ ಹೆಂಡತಿ ಸುಬ್ಬಮ್ಮ ಬೆಲ್ಲ, ನೀರು ತಂದಿಟ್ಟು ಬಾಗಿಲ ಬಳಿ ಕೂತರು. ಬೋರ್ಡಿನ ಮಾತು ತೆಗೆದದ್ದೇ ಮಾಷ್ಟ್ರಿಗೆ ಎಲ್ಲಿಲ್ಲದ ಹುರುಪು ಬಂತು. ಪಂಚಾಯತಿನವರು ಗೌರವದ ಒಂದು ಹೆಸರು ಕೇಳಿದ್ದರು. ಹಿಂದೆ ಅಲ್ಲಿ ಮಹಾಮಾಯಿಯ ಗುಡಿ ಇದ್ದಿರಲೇಬೇಕು, ಮಹಾಮಾಯಿ ಎಂಬುದೇ ಜನರ ಬಾಯಲ್ಲಿ ಸವೆದು ಸವೆದು ಮಾಮಿ ಆಗಿದೆ ಎಂದು ತರಗತಿಯಲ್ಲಿ ಪಾಠ ಮಾಡುವ ಹಾಗೆ ವಿವರಿಸಿದರು. ಮಗನಿಗೆ ಅಕ್ಷರ ಕಲಿಸಿದವರ ಎದುರು ಶಹರ್ಬಾನುವಿನ ನಾಲಿಗೆ ತಡವರಿಸಿತು. ಆದರೆ ಬಂದದ್ದಂತೂ ಆಯಿತಲ್ಲ.

“ಸವೆದದ್ದಲ್ಲ ಮಾಷ್ಟ್ರೇ, ಅದು ನಮ್ಮ ಮಾಮಿ,” ಎಂದಳು. “ಸಿಟ್ಟು ಬಂದರೆ ಅಲ್ಲಿ ಹೋಗಿ ಕೂರ್ತಿದ್ರು.”

ಒಮ್ಮೆ ಬಾಯಿ ಬಿಟ್ಟ ಮೇಲೆ ಮಾತಿಗೆ ತಡೆಯೇ ಇರಲಿಲ್ಲ. ಗಂಡನ ಜೊತೆ ಮಾತಿಗೆ ಮಾತು ಬೆಳೆದರೆ, ಮಗ ಮುಖ ತಿರುಗಿಸಿದರೆ, ಅಷ್ಟೇಕೆ, ಸೊಸೆಯಾದ ತಾನು ಮೀನುಸಾರಿಗೆ ಉಪ್ಪು ಜಾಸ್ತಿ ಹಾಕಿದರೂ ಐಸಮ್ಮ ಬಟ್ಟೆಯ ಗಂಟನ್ನು ಕಂಕುಳಲ್ಲಿಟ್ಟು, ‘ನಾನು ಕನ್ಯಾನಕ್ಕೆ ಹೋದೆ’ ಎಂದು ತವರಿಗೆ ಹೊರಡುವುದು. ರಸ್ತೆ ಬದಿಯ ಕೆಂಪು ಮುರಕಲ್ಲಿನ ಕಟ್ಟೆಯಲ್ಲಿ ಹೋಗಿ ಕೂರುವುದು. ಆಗ ಅಲ್ಲಿ ನಿಲ್ದಾಣವೂ ಇರಲಿಲ್ಲ, ನರಪಿಳ್ಳೆಯೂ ಇರಲಿಲ್ಲ. ಹೆಂಗಸೊಬ್ಬಳು ಗಂಟು ಹಿಡಿದು ಕೂತದ್ದು ಕಂಡು ಬಸ್ಸು ನಿಲ್ಲುವುದು. ಕಂಡಕ್ಟರ್ ಮಮ್ಮು ಇಳಿದು, ಬನ್ನಿ ಮಾಮಿ, ಸೀಟು ಉಂಟು ಎಂದು ಕರೆಯುವುದು. ಇವರು ಮುಂದಿನ ಬಸ್ಸಿಗೆ ಬರ್ತೇನೆ ಎಂದು ಮುಖ ಆಚೆ ಮಾಡುವುದು. ಸಂಜೆ ಸಿಟ್ಟು ಇಳಿದ ಮೇಲೆ ಮನೆಗೆ ಬಂದು, ಏನೂ ಆಗದವರ ಹಾಗೆ ಕೋಳಿಗಳನ್ನು ಗೂಡಿಗೆ ಸೇರಿಸುವುದು. ಹೀಗೆ ಮಾಮಿಗಾಗಿ ನಿಂತು ನಿಂತು ಬಸ್ಸಿಗೆ ಅಲ್ಲಿ ನಿಲ್ಲುವುದೇ ರೂಢಿಯಾಯಿತು. ಬಸ್ಸು ನಿಲ್ಲುತ್ತದೆಂದು ಜನ ಬಂದರು, ಜನ ಬರುತ್ತಾರೆಂದು ಚಾದ ಅಂಗಡಿ ಬಂತು, ಆಮೇಲೆ ಅಕ್ಕಿ ಗಿರಣಿ, ಕ್ಷೌರದ ಅಂಗಡಿ, ಹಾಲಿನ ಡೈರಿ.

ಮಾಷ್ಟ್ರು ನಗಬಾರದೆಂದು ತಡೆದು ತಡೆದು ಕೊನೆಗೆ ನಕ್ಕೇಬಿಟ್ಟರು. ಕಣ್ಣೊರೆಸಿಕೊಂಡು ಒಂದು ಸಂಶಯ ಎತ್ತಿದರು. “ಅಷ್ಟು ಸಲ ಹೊರಟವರು ಒಮ್ಮೆಯಾದರೂ ಬಸ್ಸು ಹತ್ತಬೇಕಿತ್ತಲ್ಲ?”

“ಹತ್ತಿ ಎಲ್ಲಿಗೆ ಹೋಗುವುದು ಮಾಷ್ಟ್ರೇ? ಕನ್ಯಾನದಲ್ಲಿ ಅವರಿಗೆ ಯಾರೂ ಇರಲಿಲ್ಲ. ಇವರ ಮದುವೆಯಾದ ಮೇಲೆ ಅಣ್ಣಂದಿರು ಆ ಮನೆ ಮಾರಿ ಕೊಡಗಿಗೆ ಹೋಗಿದ್ರು. ಒಂದು ದಿನ ನಾನು ಕರೀಲಿಕ್ಕೆ ಹೋದಾಗ ಅವರೇ ಹೇಳಿದ್ದು. ಸಿಟ್ಟು ಬಂದ ಹೆಂಗಸಿಗೆ ಹೋಗ್ಲಿಕ್ಕೆ ಒಂದು ಜಾಗ ಬೇಕಲ್ಲ ಬಾನು, ಅಂತ.”

ಹೇಳುತ್ತಿದ್ದಂತೆ ಅವಳಿಗೆ ಆ ದಿನ ಅತ್ತೆಯ ಪಕ್ಕದಲ್ಲಿ ಕೂತು ಇಬ್ಬರೂ ಸೇರಿ ಬಂದ ಬಸ್ಸುಗಳನ್ನು ಹತ್ತದೆ ಬಿಟ್ಟದ್ದು ನೆನಪಾಗಿ, ಅತ್ತೆಯ ಮೇಲೆ ಪ್ರೀತಿ ಉಕ್ಕಿ ಬಂತು. ಮಾಷ್ಟ್ರೂ ನಗು ನಿಲ್ಲಿಸಿದ್ದರು. ಕತೆ ಚೆನ್ನಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಒಬ್ಬ ಹೆಂಗಸು ಮುನಿಸಿಕೊಂಡು ಕೂತದ್ದನ್ನು ಊರಿನ ಚರಿತ್ರೆ ಎಂದು ಬೋರ್ಡಿನಲ್ಲಿ ಬರೆಯುವುದು ಹೇಗೆ ಎಂದು ಮೆಲ್ಲಗೆ ಕೇಳಿದರು. ಶಹರ್ಬಾನು ಇನ್ನು ಕೂತು ಪ್ರಯೋಜನವಿಲ್ಲ ಎಂದುಕೊಂಡು ಎದ್ದಳು.

“ಒಬ್ಬರಲ್ಲ,” ಎಂಬ ದನಿ ಬಾಗಿಲ ಬಳಿಯಿಂದ ಬಂತು. ಮಾತಾಡಿದವರು ಸುಬ್ಬಮ್ಮ. “ಹೆಸರು ಇದ್ದ ಹಾಗೆಯೇ ಇರಲಿ. ನಾನೂ ಎಷ್ಟೋ ಸಲ ಆ ಕಟ್ಟೆಯಲ್ಲಿ ಕೂತು ಬಂದಿದ್ದೇನೆ.”

ಮಾಷ್ಟ್ರು ಕನ್ನಡಕ ತೆಗೆದು ಹೆಂಡತಿಯನ್ನು ನೋಡಿದರು. “ನೀನಾ? ಯಾವಾಗ?”

ಸುಬ್ಬಮ್ಮ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೊರಟವರು ಅಲ್ಲೇ ನಿಂತು ಹೇಳಿದರು: “ನೀವು ಇಲ್ಲಿ ಕೂತು ಊರಿನ ಚರಿತ್ರೆ ಬರೆಯುವಾಗ.”