ಯಾವುದಕ್ಕೂ ಬೇಡದ ಲೈಬ್ರರಿ

ಲಕ್ವ ಹೊಡೆದು ವಾದಿರಾಜನ ಕೈಕಾಲು, ನಾಲಿಗೆ ಸ್ವಾಧೀನ ತಪ್ಪಿದ್ದವು. ಅವನು ಪರದೆಯ ಅಕ್ಷರಗಳ ಮೇಲೆ ಕಣ್ಣಾಡಿಸಿ ಬರೆದದ್ದನ್ನು ಕಂಪ್ಯೂಟರ್ ಗಟ್ಟಿಯಾಗಿ ಓದುತ್ತಿತ್ತು. ಆ ದನಿ ಕೇಳಿದೊಡನೆ ಹೆಂಡತಿ ಇಂದುಮತಿ ಓಡಿಬರುತ್ತಿದ್ದಳು.

ಅಂದು ಕಂಪ್ಯೂಟರ್ ಅಪ್‌ಡೇಟ್ ಮಾಡಲು ಬಂದವನು ಹೇಳಿದ: “ಹಲವು ಪ್ರೋಗ್ರಾಂಗಳು ಹಂಚಿಕೊಳ್ಳೋ ಫೈಲು ಇದು, ಲೈಬ್ರರಿ ಅಂತಾರೆ, ತೀರಾ ಹಳೇ ವರ್ಷನ್ ಅಮ್ಮ. ಹೊಸದು ಹಾಕಿದೀನಿ, ಇದನ್ನ ತೆಗೆದುಬಿಡ್ತೀನಿ.”

“ಇವರ ಮಾತಿಗೆ ಏನೂ ಆಗಲ್ಲ ತಾನೆ?”

“ಇಲ್ಲ, ಈಗ ಇದನ್ನ ಯಾವುದೂ ಬಳಸ್ತಿಲ್ಲ ಅಂತ ತೋರಿಸ್ತಿದೆ.”

ಅವನು ಹೋದ ಮೇಲೆ ಇಂದುಮತಿ ಅಡುಗೆಗೆ ನಿಂತಳು. ಕಂಪ್ಯೂಟರಿನ ದನಿ ಒಮ್ಮೆಯೂ ಕೇಳಿಸಲಿಲ್ಲ. ಪಾಪ, ನಿದ್ದೆ ಹತ್ತಿರಬೇಕು ಎಂದುಕೊಂಡು ಸದ್ದಾಗದಂತೆ ಬಾಗಿಲು ಮುಂದೆ ಮಾಡಿದಳು.

ಗಂಜಿ ತಂದಾಗ ವಾದಿರಾಜನ ಕಣ್ಣುಗಳು ತೆರೆದೇ ಇದ್ದವು, ರೆಪ್ಪೆ ಅಲುಗಲಿಲ್ಲ. ಪರದೆಯ ತುಂಬ ಒಂದೇ ಸಾಲು ಮತ್ತೆ ಮತ್ತೆ ಇತ್ತು: “ಇಂದೂ, ಉಸಿರು ಕಟ್ತಿದೆ, ಬಾ.”